ಉಡಿ ತುಂಬಿಸಿಕೊಂಡ ಲೇತು

ನನ್ನ ತಮ್ಮ ನಾಗರಾಜಪ್ಪನಿಗೆ ಮರ ಕಡೆಯುವ ಲೇತಿನ ಹುಚ್ಚು ಹಿಡಿದದ್ದು ಕಣ್ಣು ಹೋಗುತ್ತದೆಂದು ಗೊತ್ತಾದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ದಾವಣಗೆರೆಯಲ್ಲಿ ಇವತ್ತಿಗೂ ಕೆಲವರು, "ಹತ್ತಿ ಪ್ಯಾಟಿ ನಾಗರಾಜಪ್ಪಗೆ ತಲೆ ಕೆಟ್ಟಿತ್ತು, ಮನ್ಯಾಗೇ ಕಾರ್ಖಾನಿ ಇಟ್ಕೊಂಡಿದ್ದ" ಎಂದು ಆಡಿಕೊಳ್ಳುತ್ತಾರೆ. ಅವರ ಬಾಯಿಗೆ ಮಣ್ಣು ಹಾಕ! ಅವನ ತಲೆ ನೆಟ್ಟಗೇ ಇತ್ತು.

ನಾನು ಬಸವಣ್ಣೆಮ್ಮ, ಅವನ ಅಕ್ಕ. ಅವ್ವ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು, ಎತ್ತಿ ಆಡಿಸಿದವಳು ನಾನು. ಗಂಡ ಹೋದ ಮೇಲೆ ಮತ್ತೆ ಅವನ ಮನೆಗೇ ಬಂದು ಸೇರಿದೆ. ವಿನೋಬನಗರದಲ್ಲಿ ಒಂದು ಚಿಕ್ಕ ಮನೆ. ಅವನು, ಅವನ ಹೆಂಡತಿ ನಿರ್ಮಲಮ್ಮ, ನಾನು, ಮೂರೇ ಜನ. ಮಕ್ಕಳಾಗಲಿಲ್ಲ. ನಂದಿಗುಡಿಯ ಗದ್ದೆಯಿಂದ ವರ್ಷದ ಅಕ್ಕಿ ಬರುತ್ತಿತ್ತು. ಉಳಿದದ್ದಕ್ಕೆ ನಾಗರಾಜ ಹತ್ತಿ ಪೇಟೆಯಲ್ಲಿ ದುಡಿಯುತ್ತಿದ್ದ. ದಲಾಲಿ ಅಂಗಡಿಗೆ ಬಂದ ಹತ್ತಿಯ ಬಣ್ಣ ನೋಡಿ, ಎಳೆ ಬಿಡಿಸಿ, ಇದು ಯಾವ ದರ್ಜೆಯದೆಂದು ಹೇಳುವುದು ಅವನ ಕೆಲಸ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಸಿಟ್ಟೆಲ್ಲ ನನ್ನ ಪಾಲಿಗೇ ಬಂದಿತ್ತು ಅನ್ನಿ.

ಕಣ್ಣಿನ ಸುದ್ದಿ ಮೊದಲು ಗೊತ್ತಾದದ್ದು ನನಗೆ, ಅದೂ ಪೂಜೆಯ ಹೊತ್ತಿನಲ್ಲಿ. ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅದರ ಮೇಲೇ ದೃಷ್ಟಿ ನೆಟ್ಟು ಕೂರುವುದು ನಮ್ಮ ಮನೆಯ ಪದ್ಧತಿ. ಒಂದು ದಿನ ನೋಡುತ್ತೇನೆ, ನಾಗರಾಜ ಕತ್ತು ಅತ್ತ ಇತ್ತ ಓರೆ ಮಾಡುತ್ತಿದ್ದಾನೆ. ಕೈಯಲ್ಲಿರುವ ಲಿಂಗವನ್ನು ಹುಡುಕುತ್ತಿದ್ದಾನೆ! ಮರುದಿನವೇ ಅವನನ್ನು ರೈಲು ಹತ್ತಿಸಿ ಕರೆದೊಯ್ದೆ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ಪರೀಕ್ಷೆ ಮಾಡಿದರು. "ಕಣ್ಣಿನ ಒಳಗಿನ ನರ ಒಣಗ್ತಾ ಬಂದಿದೆ. ಹೋದದ್ದು ಬರೋದಿಲ್ಲ. ಇರೋದೂ ಹೆಚ್ಚು ಕಾಲ ಉಳಿಯೋದಿಲ್ಲ" ಎಂದರು. ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆ ಅದು. ರೈಲಿನಲ್ಲಿ ವಾಪಸು ಬರುವಾಗ ನಾಗರಾಜ ಕಿಟಕಿಯ ಹೊರಗೇ ನೋಡುತ್ತಿದ್ದ. ಹರಿಹರದ ಹೊಳೆ ದಾಟುವಾಗ, "ಅಕ್ಕಾ, ನಾನು ಬಸಲಿಂಗಜ್ಜ ಆಗಬಾರದು" ಎಂದ.

ಬಸಲಿಂಗಜ್ಜ ನಂದಿಗುಡಿಯಲ್ಲಿದ್ದ ನಮ್ಮ ದೊಡ್ಡಜ್ಜ. ಕಣ್ಣಿರಲಿಲ್ಲ. ಇಡೀ ದಿನ ಜಗಲಿಯ ಮೇಲೆ ಕೂತಿರುತ್ತಿದ್ದ. ಹೋಗಿ ಬರುವವರೆಲ್ಲ, "ಅಜ್ಜಾ, ನಾನ್ಯಾರು ಹೇಳು ನೋಡಾನ" ಎಂದು ಅವನ ಮುಂದೆ ಕಾಲು ಬಡಿದು ಆಟ ಆಡುತ್ತಿದ್ದರು. ಅಜ್ಜ ಸಪ್ಪಳದಲ್ಲೇ ಗುರುತು ಹಿಡಿದು ಹೇಳುತ್ತಿದ್ದ, ಜನ ನಕ್ಕು ಮುಂದೆ ಹೋಗುತ್ತಿದ್ದರು. ಅವನಿಗೆ ಬೇರೆ ಕೆಲಸವೇ ಇರಲಿಲ್ಲ. ಊಟಕ್ಕೇನೂ ಕೊರತೆ ಇರಲಿಲ್ಲ, ಆದರೆ ಅದು ಬದುಕೇ? ನನ್ನ ತಮ್ಮನಿಗೆ ಕುರುಡಿನ ಭಯಕ್ಕಿಂತ ಆ ಜಗಲಿಯ ಭಯ ಹೆಚ್ಚಾಗಿತ್ತು.

ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ರೌಫ್ ಎಂಬವನ ಅಂಗಡಿ. ಮಂಚದ ಕಾಲು, ಕಡಗೋಲು, ಲಟ್ಟಣಿಗೆ, ಬುಗುರಿ, ಎಲ್ಲ ಅಲ್ಲಿ ಕಡೆಯುತ್ತಿದ್ದ. ನಾಗರಾಜನಿಗೆ ಚಿಕ್ಕಂದಿನಿಂದಲೂ ಅಲ್ಲಿ ನಿಂತು ನೋಡುವ ಚಟ. ಕಾಲಿನಿಂದ ತುಳಿದರೆ ಚಕ್ರ ತಿರುಗಿ, ಮರದ ತುಂಡು ಗಿರ್ರೆಂದು ಸುತ್ತಿ, ಉಳಿ ತಾಗಿದ ಕೂಡಲೇ ಸಿಪ್ಪೆ ಹಾರುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಯಾವತ್ತಾದರೂ ತಾನೂ ಒಂದು ಲೇತು ಇಟ್ಟುಕೊಳ್ಳಬೇಕು, ಮಾರುವುದಕ್ಕಲ್ಲ, ಸುಮ್ಮನೆ ತನ್ನ ಖುಷಿಗೆ, ಎಂಬ ಆಸೆ ಮನಸ್ಸಿನಲ್ಲಿತ್ತಂತೆ. ಈಗ ಆ ಆಸೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಕಣ್ಣಿರುವಾಗಲೇ ಕಲಿತುಬಿಟ್ಟರೆ ಕಣ್ಣು ಹೋದ ಮೇಲೂ ಕೈ ಆಡುತ್ತದೆ ಎಂಬುದು ಅವನ ಲೆಕ್ಕಾಚಾರ.

ರೌಫ್ ಖಡಾಖಂಡಿತವಾಗಿ ಇಲ್ಲವೆಂದ. "ಸಾವ್ಕಾರ್ರೇ, ಕಣ್ಣು ಇದ್ದೋರೇ ಇಲ್ಲಿ ಬೆರಳು ಕಳ್ಕೋತಾರೆ. ನಿಮಗ್ಯಾಕ ಈ ಖಯಾಲಿ? ಮನ್ಯಾಗೆ ಆರಾಮ್ ಕೂಡ್ರಿ."

"ಕೂಡ್ರೋದು ಬ್ಯಾಡ ಅಂತಲೇ ಬಂದೀನಿ ರೌಫ್."

"ನಾಳೆ ಏನಾದ್ರೂ ಆದ್ರೆ ಪಾಪ ಯಾರಿಗೆ? ಬಿಲ್ಕುಲ್ ಬ್ಯಾಡ." ಹೀಗೆಂದು ಮುಖ ತಿರುಗಿಸಿ ಮತ್ತೆ ತುಳಿಯಲು ಶುರು ಮಾಡಿದ. ನಾನು ಅವತ್ತು ಅವನನ್ನು ಮನಸಾರೆ ಬೈದೆ.

ಆಗ ನಡುವೆ ಬಂದವನು ಕೆಂಚವೀರಪ್ಪ, ನಿರ್ಮಲಮ್ಮನ ತಮ್ಮ. ಹರಿಹರದ ಲೇತು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರು. ದೊಡ್ಡ ಗಂಟಲು, ದೊಡ್ಡ ಮನಸ್ಸು. "ಭಾವಾ, ಹರಿಹರದಾಗೆ ಲೇತಿಗೆ ಬರನಾ? ಆ ಸಾಬಣ್ಣನ ಕಾಲು ಯಾಕ ಹಿಡೀತೀರಿ? ಗುತ್ತೂರಿನ ಹತ್ರ ಒಂದು ಶೆಡ್ಡು ಮುಚ್ಚೈತೆ, ಅಲ್ಲೊಂದು ಲೇತು ಐತೆ. ಬರ್ರಿ ತೋರಿಸ್ತೀನಿ" ಎಂದ.

ನಾನೂ ಜೊತೆಗೆ ಹೋದೆ. ಅಷ್ಟೊತ್ತಿಗೆ ನಾಗರಾಜ ಬಸ್ಸಿನ ಮೆಟ್ಟಿಲಿನಲ್ಲಿ ಎಡವುತ್ತಿದ್ದ. ಶೆಡ್ಡಿನಲ್ಲಿ ಕೆಂಚವೀರಪ್ಪನ ಕಾರ್ಖಾನೆಯ ಸ್ನೇಹಿತರೆಲ್ಲ ನೆರೆದಿದ್ದರು, ಹೆಣ್ಣು ನೋಡುವುದಕ್ಕೆ ಬಂದವರ ಹಾಗೆ. ಕಪ್ಪಗೆ, ದಪ್ಪಗೆ, ಎರಕದ ಕಬ್ಬಿಣದ ಲೇತು. ಕಾಲಿನಿಂದ ತುಳಿಯುವಂಥದೇ, ಆದರೆ ಕಬ್ಬಿಣ ಕೊರೆಯುವುದಕ್ಕೆ ಮಾಡಿದ್ದು. ನಾನು ಬಾಯಿ ತಡೆಯಲಾರದೆ, "ಇದು ಕಬ್ಬಿಣದ್ದಲ್ಲೇನಪ್ಪಾ, ಇವನಿಗೆ ಬೇಕಾಗಿದ್ದು ಮರದ ಕೆಲಸಕ್ಕೆ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು.

"ಅಕ್ಕಾರೇ, ಕಬ್ಬಿಣಾನೇ ಬೆಣ್ಣಿ ಕೊರ್ದಂಗೆ ಕೊರೀತೈತೆ. ಮರ ಯಾವ ಲೆಕ್ಕ ಬಿಡ್ರಿ!" ಎಂದ ಕೆಂಚವೀರಪ್ಪ.

ಹರಿಹರದವರಿಗೆ ಲೇತು ಅಂದರೆ ಅದೊಂದೇ. ಊರಿಗೆ ಊರೇ ಕಬ್ಬಿಣದ ಲೇತಿನ ಅನ್ನ ಉಣ್ಣುವಾಗ ಅವರಿಗಿಂತ ಬಲ್ಲವರು ಯಾರು? ನಾನು ಬಾಯಿ ಮುಚ್ಚಿಕೊಂಡೆ. ನಾಗರಾಜ ಅದರ ಮುಂದೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಮುಖವಿಟ್ಟು, ಉಳಿದಿದ್ದ ಚೂರು ದೃಷ್ಟಿಯಲ್ಲಿ ಒಂದೊಂದೇ ಭಾಗ ನೋಡಿದ. ಹಿತ್ತಾಳೆಯ ಹಿಡಿಕೆ ಹೊಳೆಯುತ್ತಿತ್ತು. ಹಿಡಿಕೆಯ ಸುತ್ತಲಿನ ಬಳೆಯ ಮೇಲೆ ಸಣ್ಣ ಸಣ್ಣ ಅಂಕಿ ಕೊರೆದಿದ್ದರು. ಅದನ್ನು ಕಂಡು ಅವನ ಮುಖ ಅರಳಿತು. "ಅಕ್ಕಾ, ಎಷ್ಟು ತಿರುಗಿಸಿದ್ರೆ ಎಷ್ಟು ಕೊರೀತೈತೆ ಅಂತ ಇದರ ಮ್ಯಾಲೆ ಬರದೈತೆ. ತಪ್ಪೋ ಮಾತೇ ಇಲ್ಲ." ಕಣ್ಣು ಹೋದ ಮೇಲೆ ಆ ಅಂಕಿಯನ್ನು ಓದುವವರು ಯಾರು ಎಂಬುದು ಅಲ್ಲಿದ್ದ ಅಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೆಂಚವೀರಪ್ಪ, "ಇದು ನಮ್ಮಕ್ಕಗೆ ತವರಿನ ಕಾಣಿಕೆ" ಎಂದು ಎತ್ತಿನ ಗಾಡಿಯ ಮೇಲೆ ಹೇರಿಸಿ ಕಳಿಸಿಕೊಟ್ಟ. ಕೂಲಿಯವರು ಏದುಸಿರು ಬಿಡುತ್ತ ಇಳಿಸಿ, ಅಕ್ಕಿ ಚೀಲ ಇಡುತ್ತಿದ್ದ ಕೋಣೆಯಲ್ಲಿ ಕೂರಿಸಿದರು. ಇದ್ದದ್ದೇ ಆ ಒಂದು ಕೋಣೆ, ಅದು ಪೂರ್ತಿ ತುಂಬಿಹೋಯಿತು. ಅಕ್ಕಿ ಚೀಲ ನಡುಮನೆಗೆ ಬಂದವು. ನಿರ್ಮಲಮ್ಮ ಲೇತಿಗೆ ವಿಭೂತಿ ಬಳಿದು, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ತವರಿನಿಂದ ಆನೆಯೇ ಬಂದಿದೆ ಎಂಬಂತೆ ಬೀಗಿದಳು.

ಮೊದಲು ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ನಾಗರಾಜ ಪೇಟೆಯ ಕೆಲಸ ಬಿಟ್ಟು ಹಗಲೆಲ್ಲ ಕೋಣೆಯಲ್ಲೇ ಇರುತ್ತಿದ್ದ. ಆ ಲೇತಿನಲ್ಲಿ ಉಳಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಒಂದು ಕಬ್ಬಿಣದ ದವಡೆಗೆ ಅದನ್ನು ಬಿಗಿದು, ಹಿಡಿಕೆ ತಿರುಗಿಸಿ ಮುಂದಕ್ಕೆ ತಳ್ಳಬೇಕು. ಮರ ನಿಧಾನಕ್ಕೆ ಸುತ್ತುತ್ತಿತ್ತು. ನುಣ್ಣಗಾಗುವ ಬದಲು ಎಳೆ ಎಳೆಯಾಗಿ ಹರಿದು ಬರುತ್ತಿತ್ತು. ಉಪ್ಪುಕಾಗದ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದ. ದೀಪಾವಳಿಯವರೆಗೂ ಹೀಗೇ ನಡೆಯಿತು. ಆಮೇಲೆ ಅಂಕಿಗಳು ಮಂಜಾದವು. ಭೂತಗನ್ನಡಿ ಹಿಡಿದು ಓದಿದ. ಅದೂ ಸಾಲದಾಯಿತು. ನನಗೆ ಕನ್ನಡ ಅಂಕಿ ಬಿಟ್ಟರೆ ಬೇರೆ ಬಾರದು, ಹಾಗಾಗಿ ನಿರ್ಮಲಮ್ಮ ಪಕ್ಕದಲ್ಲಿ ನಿಂತು ಓದಿ ಹೇಳಬೇಕಾಯಿತು. "ಇನ್ನೊಂಚೂರು", "ಸಾಕು", "ಜಾಸ್ತಿ ಆತು" ಅನ್ನುತ್ತಿದ್ದಳು. ಒಲೆಯ ಮೇಲೆ ಸಾರು ಉಕ್ಕಿದರೆ ಅವಳು ಓಡುತ್ತಿದ್ದಳು. ಅವಳು ಬರುವವರೆಗೆ ಇವನು ಹಿಡಿಕೆ ಹಿಡಿದು ನಿಂತಿರುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಕೋಣೆಯಿಂದ ಅವನು ಕಿರುಚಿದ್ದು ಕೇಳಿಸಿತು. ಓಡಿದೆ. ಸುತ್ತುತ್ತಿರುವ ಮರಕ್ಕೇ ಅಂಗೈ ಒತ್ತಿಬಿಟ್ಟಿದ್ದ. ಚರ್ಮ ಕಿತ್ತು ರಕ್ತ ಸೋರುತ್ತಿತ್ತು.

"ಏನು ಮಾಡ್ಕೊಂಡ್ಯೋ ಪಾಪಿ!"

"ಒಳಗೆ ಏನಾಗ್ತೈತೆ ಅಂತ ಮುಟ್ಟಿ ನೋಡಿದೆ ಅಕ್ಕಾ. ಈ ಯಂತ್ರ ನನ್ನ ಕೈಗೆ ಏನೂ ಹೇಳಲ್ಲ! ಉಳಿ ಅದರ ಬಾಯಾಗೆ ಐತೆ, ನನ್ನ ಕೈಯಾಗಿಲ್ಲ. ಕಣ್ಣಿದ್ದಾಗ ಕಣ್ಣಿಗೆ ಚಂದ ಕಂಡದ್ದನ್ನ ಆರಿಸ್ಕೊಂಡೆ. ಕಣ್ಣು ಮುಚ್ಚಿ ಆರಿಸಬೇಕಿತ್ತು." ಅವನು ಗೋಡೆಗೆ ಹಣೆ ಒತ್ತಿ ಗೊಳೋ ಎಂದು ಅತ್ತ. ಅಪ್ಪ ಸತ್ತಾಗಲೂ ಹಾಗೆ ಅತ್ತವನಲ್ಲ. ಇದ್ದಷ್ಟು ದೃಷ್ಟಿಯನ್ನೂ ಆ ಕಬ್ಬಿಣದ ಕೋಣ ತಿಂದುಹಾಕಿತ್ತು.

ಗಾಯಕ್ಕೆ ಬಟ್ಟೆ ಕಟ್ಟಿ, ಅವನ ರಟ್ಟೆ ಹಿಡಿದು ನಡೆಸಿಕೊಂಡು ನೇರ ರೌಫನ ಅಂಗಡಿಗೆ ಹೋದೆ. "ಒಂದು ಸಲ ಉಳಿ ಇವನ ಕೈಗೆ ಕೊಡು. ಒಂದೇ ಸಲ. ಇಲ್ಲಂದ್ರೆ ಇಲ್ಲೇ ನಿನ್ನ ಅಂಗಡಿ ಮುಂದೆ ಕೂಡ್ರತೀನಿ, ಏಳಂಗಿಲ್ಲ" ಎಂದೆ. ರೌಫ್ ಹಣೆ ಚಚ್ಚಿಕೊಂಡ. ಒಳಬಾಗಿಲಿನ ಪರದೆಯ ಹಿಂದಿನಿಂದ ಅವನ ಹೆಂಡತಿ ರಹೀಮುನ್ನೀಸಾ, "ಕೊಡ್ರೀ, ಅವರ ಅಕ್ಕ ಸುಮ್ನೆ ಹೋಗೋ ಹಂಗೆ ಕಾಣ್ಸಲ್ಲ" ಎಂದಳು. ಪುಣ್ಯಾತಗಿತ್ತಿ!

ರೌಫ್ ಮನಸ್ಸಿಲ್ಲದ ಮನಸ್ಸಿನಿಂದ ನಾಗರಾಜನನ್ನು ನಿಲ್ಲಿಸಿ, ಉಳಿಯನ್ನು ಮರದ ಆಸರೆಯ ಮೇಲಿಟ್ಟು, ತನ್ನ ಕೈಯನ್ನು ಅವನ ಮಣಿಕಟ್ಟಿನ ಮೇಲೆ ಇಟ್ಟುಕೊಂಡ. ತಾನೇ ತುಳಿದ. ಚೌಕಾಕಾರದ ತುಂಡು ಉಳಿಗೆ ಕಟಕಟ ಬಡಿಯಿತು. ನಾಗರಾಜನ ತೋಳು, ಹೆಗಲು ಎಲ್ಲ ನಡುಗಿದವು. ಬರಬರುತ್ತ ಬಡಿತ ಸಣ್ಣದಾಯಿತು, ಆಮೇಲೆ ನಿಂತೇಹೋಯಿತು.

"ಗುಂಡಗಾತು" ಎಂದ ನಾಗರಾಜ.

ರೌಫ್ ತುಳಿಯುವುದನ್ನು ನಿಲ್ಲಿಸಿ ನೋಡಿದ. ಗುಂಡಗಾಗಿತ್ತು. ಅವನು ಗಡ್ಡ ಕೆರೆದುಕೊಂಡು, "ಹಿತ್ತಲಾಗೆ ನಮ್ಮ ಅಬ್ಬಾನ ಲೇತು ಐತೆ. ಮರದ್ದು. ಹಳೇದು, ಆದ್ರೆ ಗಟ್ಟಿ. ಕಣ್ಣಿಲ್ಲದೋರಿಗೆ ಜಾಗ ಬದಲಾಗಬಾರದು, ದಿನಾ ಒಂದೇ ಕಡೆ, ಒಂದೇ ಗೋಡೆ. ಮನ್ಯಾಗೇ ಇಟ್ಕೋಬೇಕು. ಕೋಣೆ ಖಾಲಿ ಮಾಡಿ ಬರ್ರಿ" ಎಂದ.

ಕೋಣೆ ಖಾಲಿ ಮಾಡುವುದು! ನಿರ್ಮಲಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅರಿಶಿನ ಕುಂಕುಮ ಹಚ್ಚಿ ಒಳಗೆ ಕರ್ಕೊಂಡ ತವರಿನ ವಸ್ತು. ಹೊರಗೆ ಹಾಕಿದ್ರೆ ನಾ ಯಾವ ಮುಖ ಇಟ್ಕೊಂಡು ಹರಿಹರಕ್ಕೆ ಹೋಗ್ಲಿ? ತವರಿನೋರು ಕೊಟ್ಟಿದ್ದನ್ನ ವಾಪಸ್ ಮುಖಕ್ಕೆ ಎಸೆದಂಗೆ. ನಮ್ಮ ತಮ್ಮ ಮತ್ತೆ ಈ ಹೊಸಿಲು ತುಳಿಯಲ್ಲ."

"ಗಂಡ ದೊಡ್ಡೋನೋ ನಿನಗೆ, ಆ ಕಬ್ಬಿಣ ದೊಡ್ಡದೋ?" ಎಂದು ನಾನು ಕೂಗಾಡಿದೆ. ಅವಳೂ ಅತ್ತಳು, ಕೂಗಿದಳು. ನೆರೆಮನೆಯವರು ಕಿಟಕಿಗೆ ಬಂದರು. ಕೊನೆಗೆ ನಾಗರಾಜನೇ, "ಬ್ಯಾಡ ಬಿಡಕ್ಕಾ. ನನ್ನ ಸಲುವಾಗಿ ಅವಳ ತವರು ಹೋಗೋದು ಬ್ಯಾಡ" ಎಂದು ಮಾತು ಮುಗಿಸಿದ. ಅವತ್ತಿನಿಂದ ಕೋಣೆಗೆ ಕಾಲಿಡಲಿಲ್ಲ. ನಾನು ನಿರ್ಮಲಮ್ಮನೊಂದಿಗೆ ಮಾತು ಬಿಟ್ಟೆ.

ಬೇಸಿಗೆ ಏರುವಷ್ಟರಲ್ಲಿ ಉಳಿದ ಬೆಳಕೂ ಆರಿತು. ದೀಪ ಹಚ್ಚಿದರೂ ಗೊತ್ತಾಗುತ್ತಿರಲಿಲ್ಲ, ಆರಿಸಿದರೂ ಗೊತ್ತಾಗುತ್ತಿರಲಿಲ್ಲ. ಕೈ ಹಿಡಿದು ತಂದು ಕೂರಿಸಿದಲ್ಲಿ ಕೂರುತ್ತಿದ್ದ. ಉಣ್ಣು ಅಂದರೆ ಉಣ್ಣುತ್ತಿದ್ದ, ಅನ್ನ ಸಾರು ಯಾವುದೆಂದು ಕೇಳುತ್ತಿರಲಿಲ್ಲ. ಒಂದು ದಿನ, "ಅಕ್ಕಾ, ಹುಬ್ಬಳ್ಳಿಯಿಂದ ಬರೋವಾಗ ಹೊಳಿ ಮ್ಯಾಲೆ ರೈಲು ಹೋತಲ್ಲ, ಅವತ್ತು ಬಾಗಿಲು ತೆಗದೇ ಇತ್ತು" ಎಂದ. ನಾನು ಅವನ ಬಾಯಿ ಮುಚ್ಚಿದೆ. ಅವತ್ತಿನಿಂದ ಅವನು ಬಚ್ಚಲಿಗೆ ಹೋದರೂ ನಾನು ಬಾಗಿಲ ಹೊರಗೆ ನಿಂತಿರುತ್ತಿದ್ದೆ. ದೇವರನ್ನು ಬೈದೆ, ನನ್ನ ಹಣೆಬರಹವನ್ನು ಬೈದೆ. ಏನು ಮಾಡಬೇಕೆಂದು ದಾರಿ ಕಾಣಲಿಲ್ಲ.

ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತಿದ್ದ. ಸೊಪ್ಪು ಮಾರುವ ರಂಗವ್ವ ಬುಟ್ಟಿ ಇಳಿಸಿದಳು. ಕೆಟ್ಟ ಹೆಂಗಸಲ್ಲ ಅವಳು, ಸುಮ್ಮನೆ ಅವನ ಮನಸ್ಸು ಹಗುರ ಮಾಡೋಣ ಅಂತಲೇ ಇರಬೇಕು, "ಅಣ್ಣಾರೇ, ನಾನ್ಯಾರು ಹೇಳ್ರಿ ನೋಡಾನ!" ಎಂದು ನೆಲಕ್ಕೆ ಕಾಲು ಬಡಿದಳು.

ನಾಗರಾಜನ ಮುಖದಲ್ಲಿ ರಕ್ತವೇ ಇಂಗಿಹೋಯಿತು. ಆಮೇಲೆ ಮೆಲ್ಲಗೆ, "ರಂಗವ್ವ" ಎಂದ. ಅವಳು ಕೈ ತಟ್ಟಿ ನಕ್ಕಳು. ಅವನೂ ನಗುವುದಕ್ಕೆ ನೋಡಿದ. ಅಯ್ಯೋ ಶಿವನೇ, ಆ ನಗುವನ್ನು ನೋಡುವುದಕ್ಕಿಂತ ನನ್ನ ಕಣ್ಣೇ ಹೋಗಿದ್ದರೆ ಚೆನ್ನಾಗಿತ್ತು.

ನಿರ್ಮಲಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಬಸಲಿಂಗಜ್ಜನ ಕಥೆ ಅವಳಿಗೂ ಗೊತ್ತಿತ್ತು. ಒಳಗೆ ಹೋಗಿ ತಲೆ ತುಂಬ ಸೆರಗು ಹೊದ್ದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ತನ್ನ ಪೆಟ್ಟಿಗೆಯಲ್ಲಿದ್ದ ಹೊಸ ಕುಬುಸದ ಬಟ್ಟೆ ಇಟ್ಟುಕೊಂಡು ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಕುಬುಸದ ಬಟ್ಟೆಯನ್ನು ಲೇತಿನ ನಡುವಿಗೆ ಉಡಿಯ ಹಾಗೆ ಕಟ್ಟಿ, ಅದರೊಳಗೆ ಅಕ್ಕಿ ಹಾಕಿ, ಕೊಬ್ಬರಿ ಇಟ್ಟು, ಕುಂಕುಮ ಹಚ್ಚಿದಳು. ಮನೆಗೆ ಬಂದ ಮಗಳನ್ನು ಕಳಿಸುವಾಗ ಉಡಿ ತುಂಬುವುದಿಲ್ಲವೇ, ಥೇಟ್ ಹಾಗೆ. ಕಣ್ಣೀರು ಸುರಿಯುತ್ತಲೇ ಇತ್ತು. "ಉಡಿ ತುಂಬಿ ಕಳಿಸಿದ್ರೆ ವಾಪಸ್ ಕೊಟ್ಟಂಗಲ್ಲ ಅತ್ತಿಗಿ. ಮರ್ಯಾದಿಂದ ಕಳಿಸಿಕೊಟ್ಟಂಗೆ. ಹೇಳಿ ಕಳಿಸ್ರಿ ನಮ್ಮ ತಮ್ಮಗೆ" ಎಂದಳು. ನಾನು ಅವಳನ್ನು ತಬ್ಬಿಕೊಂಡೆ. ಮಾತು ಬಿಟ್ಟದ್ದು ಅಲ್ಲಿಗೇ ಮುಗಿಯಿತು.

ಕೆಂಚವೀರಪ್ಪ ಗಾಡಿ ಕಟ್ಟಿಕೊಂಡು ಬಂದ. ಮುಖ ಧುಮುಧುಮು ಎನ್ನುತ್ತಿತ್ತು. ಕೋಣೆಗೆ ನುಗ್ಗಿ, ಆ ದೊಡ್ಡ ಕಪ್ಪು ಕಬ್ಬಿಣ ಹಸಿರು ಕುಬುಸದಲ್ಲಿ ಉಡಿ ತುಂಬಿಸಿಕೊಂಡು ನಿಂತದ್ದನ್ನು ನೋಡಿ ಅಲ್ಲೇ ನಿಂತ. ಜಗಲಿಯಲ್ಲಿದ್ದ ಭಾವನ ಕಡೆ ತಿರುಗಿ ನೋಡಿದ. ಅಂಥ ದೊಡ್ಡ ಗಂಟಲಿನವನು ಮೆಲ್ಲಗೆ, "ನಡೀಲಿ ಅಕ್ಕಾ, ಕರ್ಕೊಂಡು ಹೋಗ್ತೀನಿ" ಎಂದಷ್ಟೇ ಹೇಳಿದ. ಕಬ್ಬಿಣದ ಲೇತನ್ನು ಗಾಡಿಗೆ ಹೇರಿಸಿ, ಹೋಗುವ ಮೊದಲು ರೌಫನ ಹಿತ್ತಲಿನಿಂದ ಮರದ ಲೇತನ್ನು ತಾನೇ ಹೊತ್ತು ತಂದು ಕೋಣೆಯಲ್ಲಿ ನಿಲ್ಲಿಸಿದ.

ಇಷ್ಟಾದರೆ ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ಕಣ್ಣಿದ್ದಾಗ ಕಲಿಯಬೇಕಾದದ್ದನ್ನು ಈಗ ಕತ್ತಲಲ್ಲಿ ಕಲಿಯಬೇಕಿತ್ತು. ಉಳಿ ಸಿಕ್ಕಿಹಾಕಿಕೊಂಡು ಮರ ಹಾರಿ ಬಂದು ಎದೆಗೆ ಬಡಿಯಿತು. ಒಮ್ಮೆ ಹುಬ್ಬು ಸೀಳಿತು. ರೌಫ್ ಬೈಯುತ್ತ ಬಂದು ಕಲಿಸಿ, ಬೈಯುತ್ತ ಹೋಗುತ್ತಿದ್ದ. ಎಷ್ಟೋ ಸಲ ನಾಗರಾಜ ಉಳಿ ಎಸೆದು, "ನನ್ನಿಂದ ಆಗಲ್ಲ, ನನ್ನನ್ನ ಜಗಲಿ ಮ್ಯಾಲೆ ಕೂಡ್ರಿಸಿಬಿಡಕ್ಕಾ" ಎಂದು ನೆಲದ ಮೇಲೆ ಕುಸಿದು ಕೂರುತ್ತಿದ್ದ. ಮುರಿದ ಮರದ ತುಂಡು ಒಲೆಗೆ ಹಾಕಿ ಹಾಕಿ ಆ ಮಳೆಗಾಲವೆಲ್ಲ ಅಡುಗೆ ಮಾಡಿದೆವು. ಕಲಿಯುತ್ತಾನೆಂಬ ನಂಬಿಕೆ ನನಗಂತೂ ಹೋಗಿತ್ತು. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೆ.

ದಸರೆಯ ಹೊತ್ತಿಗೆ ಒಂದು ದಿನ ಕೋಣೆಯಿಂದ ನನ್ನನ್ನು ಕರೆದ. ಕೈಯಲ್ಲೊಂದು ಲಟ್ಟಣಿಗೆ. ಹಾಲೆ ಮರದ್ದು, ಬೆಳ್ಳಗೆ, ಎರಡೂ ಕಡೆ ಹಿಡಿಕೆ, ಪೂರ್ತಿಯಾದದ್ದು. ಮುರಿಯದೆ ಹೊರಬಂದ ಮೊದಲ ವಸ್ತು.

"ಹೆಂಗಾಗೈತೆ ಅಕ್ಕಾ?"

ನಾನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಏನೂ ಕೊರತೆ ಕಾಣಲಿಲ್ಲ. ಕಂಡಿದ್ದರೂ ಹೇಳುತ್ತಿರಲಿಲ್ಲ. "ಬಂಗಾರದಂಗೆ ಆಗೈತೆ ಕಣೋ. ಅಂಗಡ್ಯಾಗೂ ಇಂಥದು ಸಿಗಲ್ಲ" ಎಂದೆ.

ಅವನು ಅದನ್ನು ಕಿತ್ತುಕೊಂಡ. ಅಂಗೈಯಲ್ಲಿಟ್ಟು ಮೆಲ್ಲಗೆ ಉರುಳಿಸಿದ. ಎಡಗಡೆ ಹಿಡಿಕೆಯ ಹತ್ತಿರ ಕೈ ನಿಂತಿತು. ಹುಬ್ಬು ಗಂಟಿಕ್ಕಿದ.

"ಇಲ್ಲಿ ಉಬ್ಬೈತೆ. ಇಷ್ಟು ದೊಡ್ಡದು. ನಿನಗೆ ಕಣ್ಣು ಕಾಣಲ್ವೇನಕ್ಕಾ?"

ಬದುಕಿನಲ್ಲಿ ಮೊದಲನೇ ಸಲ ನನ್ನ ತಮ್ಮ ನನ್ನ ಮೇಲೆ ಸಿಟ್ಟು ಮಾಡಿದ್ದ. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ.

"ಸರಿ ಆ ಕಡೆ, ಸಿಪ್ಪಿ ಹಾರತೈತೆ" ಎಂದು ನನ್ನನ್ನು ತಳ್ಳಿ, ಲಟ್ಟಣಿಗೆಯನ್ನು ಮತ್ತೆ ಲೇತಿಗೆ ಏರಿಸಿ, ಉಳಿ ಕೈಗೆತ್ತಿಕೊಂಡು ತುಳಿಯತೊಡಗಿದ.